ಅರ್ಧ ತುಂಬಿದ ಸೊನ್ನೆ

ಮೂರನೇ ಸಲ ಎಣಿಸಿ ಮುಗಿಸಿದೆವು.
ಹೊರಗೆ ಪಿಕಪ್ಪುಗಳು ಕದಲಿಲ್ಲ. ಬೇಲಿಯಾಚೆ
ಎರಡೂ ಪಕ್ಷದವರು ಸೇರಿ ಕೋಳಿ ಸುಡುತ್ತಿದ್ದಾರೆ:
ಇದ್ದಿಲು ಇವರದು, ಕೋಳಿ ಅವರದು,
ನಿಂಬೆ ಮಾತ್ರ ಶಾಲೆಯ ಗಿಡದ್ದು, ಕೇಳದೆ ಕಿತ್ತದ್ದು.

ಗವರ್ನರ್ ಕುರ್ಚಿಗೆ ನಿಂತವರಿಬ್ಬರು,
ಬಿಸೆಂತೆ ನೌತಾ, ರೆಮೆಡಿಯೊಸ್ ತೈತಿಂಗ್‌ಫೊಂಗ್.
ಇವನ ಅಜ್ಜಿ, ಅವಳ ಅಜ್ಜಿ ಒಂದೇ ತೊಟ್ಟಿಲಲ್ಲಿ ಅತ್ತವರು.
ಈ ದ್ವೀಪದಲ್ಲಿ ಯಾರನ್ನು ಬೈದು ಉಗಿದರೂ
ಎಂಜಲು ಸ್ವಂತ ಅಂಗಿಯ ಮೇಲೇ.
ಆದರೂ ಎರಡು ತಿಂಗಳು ರಸ್ತೆಯಂಚಿಗೆ ನಿಂತು
ಕೈ ಬೀಸಿದರು, ಯಾರಿಗೆಷ್ಟು ಹಾರನ್ನೆಂದು ಲೆಕ್ಕವಿಟ್ಟರು,
ಸತ್ತವರ ಪ್ರಾರ್ಥನೆಗೂ ಬೇರೆ ಬೇರೆ ಬೆಂಚು ಹಿಡಿದರು.

ಈಗ ಯಂತ್ರ ಹೇಳುತ್ತಿದೆ:
ನಾಲ್ಕು ಸಾವಿರದ ಇನ್ನೂರ ಹದಿನೇಳು.
ನಾಲ್ಕು ಸಾವಿರದ ಇನ್ನೂರ ಹದಿನೇಳು.
ಒಂದು ಹಾಳೆಯನ್ನು ಮಾತ್ರ ನಾಲಿಗೆಯಂತೆ ಹೊರಗೆ ಚಾಚಿದೆ.

ಮೇಜಿನ ಸುತ್ತ ಮೂವರು. ಅಂಚೆಯ ಇಗ್ನಾಸಿಯೊ,
ಹೊನೊಲುಲುವಿನಿಂದ ಬಂದ ಎಳೆಯ ವಕೀಲ,
ಮೂವತ್ತೊಂದು ವರ್ಷ ಒಂದನೇ ಕ್ಲಾಸಿಗೆ ಕಲಿಸಿದ ನಾನು.
ಬಿಸೆಂತೆಯ ಹೆಸರಿನ ಪಕ್ಕದ ಸೊನ್ನೆ:
ಎಡ ಅರ್ಧ ಕಪ್ಪು, ಬಲ ಅರ್ಧ ಬಿಳಿ,
ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ.
“ಮನಸ್ಸು ಬದಲಾಗಿರಬೇಕು” ವಕೀಲ.
“ಪೆನ್ನು ಒಣಗಿರಬೇಕು” ಇಗ್ನಾಸಿಯೊ.
ನಾನು ಕನ್ನಡಕ ತೆಗೆದು ಲಂಗದಂಚಿಗೆ ಒರೆಸಿದೆ.

ಗುಪ್ತ ಮತದಾನವಂತೆ. ಈ ಊರಿಗೆಲ್ಲ
ಗೆರೆ ದಾಟದೆ ಬಣ್ಣ ತುಂಬಲು ಕಲಿಸಿದವಳೇ ನಾನು.
ಸುರುಳಿ ಸುತ್ತುವವಳು ಬೇಕರಿಯ ತ್ರಿನಿ,
ಒತ್ತಿ ಒತ್ತಿ ಹಾಳೆ ತೂತು ಮಾಡುವವನು ನನ್ನ ಮೈದುನ.
ಇದೂ ಗೊತ್ತು.

ಬಿರುಗಾಳಿ ಶಾಲೆಯ ಚಾವಣಿ ಹೊತ್ತೊಯ್ದ ವರ್ಷ
ನೆನೆಯದೆ ಉಳಿದ ಕಾಗದ ಇಬ್ಬರಿಗೊಂದು.
ಲುಕಾಸ್‌ಗೆ ಎಡಗಡೆ, ಅವನ ಜೊತೆ ಹುಟ್ಟಿದ ಕಿನ್‌ಗೆ ಬಲಗಡೆ.
ಸೂರ್ಯನಿರಲಿ, ಆಮೆಯಿರಲಿ, ಕಲ್ಲಂಗಡಿಯಿರಲಿ,
ನಡುಗೆರೆಗೆ ಬಂದಾಗ ಬಣ್ಣದ ಕಡ್ಡಿ ಕೈಬದಲಾಗುತ್ತಿತ್ತು.
ಹಡಗಿನಲ್ಲಿ ಹೊಸ ಕಾಗದ ಬಂದ ಮೇಲೂ
ಲುಕಾಸ್ ಅರ್ಧಕ್ಕೇ ನಿಲ್ಲಿಸುತ್ತಿದ್ದ,
ನಾನು ಕಿವಿ ಹಿಂಡಿದರೂ.

ಕಿನ್ ಮರಳುಗಾಡಿನಿಂದ ಪೆಟ್ಟಿಗೆಯಲ್ಲಿ ಬಂದ.
ಅಧ್ಯಕ್ಷನನ್ನು ಆರಿಸಲು ನಮ್ಮ ದ್ವೀಪಕ್ಕೆ ಓಟಿಲ್ಲ;
ಅಧ್ಯಕ್ಷನ ಯುದ್ಧಕ್ಕೆ ಮಾತ್ರ ನಮ್ಮ ಹುಡುಗರ ಹೆಸರು
ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ.

ಬಾಯಿಬಿಟ್ಟರೆ ಲುಕಾಸ್ ಬಯಲಾದ. ಅವನ ಹೆಂಡತಿ
ರೆಮೆಡಿಯೊಸಳ ಒಡಹುಟ್ಟಿದ ತಂಗಿ; ಅವಳ ಟ್ರಕ್ಕಿನಲ್ಲೇ
ಬಾವುಟ ಹಿಡಿದು ಎರಡು ತಿಂಗಳು ತಿರುಗಿದವನು.
ಸುಮ್ಮನಿದ್ದರೆ ಸಮ. ಮತ್ತೆ ಚುನಾವಣೆ, ಮತ್ತೆ ಹಾರನ್ನು.
ನನ್ನ ಓಟೂ ಆ ಕಂತೆಯಲ್ಲಿದೆ, ರೆಮೆಡಿಯೊಸಳಿಗೆ,
ಗೆರೆ ದಾಟದೆ ಒಪ್ಪವಾಗಿ ತುಂಬಿದ್ದು.
ಅಂಥದ್ದನ್ನು ಯಾರೂ ಗುರುತಿಸಲಾರರು.

“ಟೀಚರ್?” ವಕೀಲ ಗಡಿಯಾರ ನೋಡಿದ.
“ತುಂಬಿದೆ” ಅಂದೆ.
“ಅರ್ಧವೇ ಇದೆಯಲ್ಲ?”
“ಅವರ ಪಾಲಿನಷ್ಟು ತುಂಬಿದೆ.”
ಅವನಿಗೆ ತಿಳಿಯಲಿಲ್ಲ. ಕಿನ್‌ನ ಕಾಗದಗಳನ್ನು
ಮನೆ ಬಾಗಿಲಿಗೆ ಹಂಚುತ್ತಿದ್ದ ಇಗ್ನಾಸಿಯೊ
ಥಟ್ಟನೆ ತಲೆಯೆತ್ತಿದ, ತಗ್ಗಿಸಿದ, ಸಹಿ ಹಾಕಿದ.

ಹೊಸ್ತಿಲಲ್ಲಿ ಯಾರೋ ತಟ್ಟೆ ಇಟ್ಟುಹೋಗಿದ್ದರು:
ಕೆಂಪು ಅನ್ನ, ಒಂದು ಪಕ್ಕ ಸೀದ ಕೋಳಿಯ ಕಾಲು.
ಹಸಿವಾಗಿತ್ತು. ನಿಂತೇ ತಿಂದೆ.