ಗಾಳಿಗೋಪುರ

ಹದಿನೇಳು ವರ್ಷದಿಂದ ಮುಹರ್ರಕ್ಕಿನ ಮಹಡಿಗಳ ಮೇಲೆ
ತಂಪು ಮಾರುತ್ತಿದ್ದೇನೆ.
ಗ್ಯಾಸ್ ತುಂಬುತ್ತೇನೆ, ಫಿಲ್ಟರ್ ತೊಳೆಯುತ್ತೇನೆ,
ಕಂಪ್ರೆಸರ್ ಸತ್ತರೆ ಮನೆಯವರಿಗೆ
ಸಾವಿನ ಸುದ್ದಿಯ ದನಿಯಲ್ಲೇ ತಿಳಿಸುತ್ತೇನೆ.
ಒಳಗೆ ಕಂಬಳಿ ಹೊದ್ದವರು, ಹೊರಗೆ ನಲವತ್ತಾರು ಡಿಗ್ರಿ,
ನಡುವೆ ಸ್ಪ್ಯಾನರ್ ಹಿಡಿದು ನಾನು.

ಈ ಬೇಸಿಗೆ ಫೋನು ಕಡಿಮೆ.
ಕರೆದವರೂ ಕೇಳುವುದು ಒಂದೇ:
"ಬಿಲ್ಲು ಇಳಿಯುವ ಹಾಗೆ ಏನಾದರೂ ಮಾಡು."

ನಮ್ಮಲ್ಲಿ ತಾಹಿರಾ ಆಗಲೇ ಶುರುಮಾಡಿದ್ದಾಳೆ.
ಮೀಟರಿನ ಅಂಕಿಯನ್ನು ದಿನಾ ಮಗ್ರಿಬಿನ ಹೊತ್ತಿಗೆ
ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ.
ಕುಚ್ಚಲಕ್ಕಿಗೆ ಒಂದು ಕುದಿ ಬಂದರೆ ಸಾಕು,
ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ
ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾಳೆ ಹಸುಗೂಸಿನ ಹಾಗೆ;
ಮಧ್ಯಾಹ್ನಕ್ಕೆ ಗಂಜಿ ತಾನೇ ಏಳುತ್ತದೆ.
ಲಿಗೋರಿಯ ಕಾರು ಈಗ ನಾಲ್ಕು ಮನೆಯ ಕಾರು.
ರಾತ್ರಿ ಎರಡು ಸಂಸಾರಕ್ಕೆ ಒಂದೇ ಎಸಿ:
ಹೆಂಗಸರು ಮಕ್ಕಳು ಕೋಣೆಯಲ್ಲಿ, ಗಂಡಸರು ಹಾಲಿನಲ್ಲಿ,
ತೆರೆದ ಬಾಗಿಲಿಗೆ ಒಂದು ತೆಳು ಪರದೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚಿದರೂ
ಯಾರದ್ದೋ ಕಾಲು ಯಾರದ್ದೋ ಮುಖಕ್ಕೆ.
ಲಿಗೋರಿ ಗೊರಕೆ ಹೊಡೆಯುತ್ತಾನೆ;
ಉಳಿತಾಯದ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಕಳೆದ ವಾರ ಬೂ ಸನದ್ ಕರೆದ.
ಎಂಬತ್ತು ದಾಟಿದವನು, ರಿಫೈನರಿಯಲ್ಲಿ ದುಡಿದು ನಿವೃತ್ತನಾದವನು.
ಎಸಿ ತೋರಿಸಲಿಲ್ಲ. ಮಾಡಿನ ಮೇಲಿನ
ಚೌಕದ ಗೋಪುರ ತೋರಿಸಿದ:
"ಇದನ್ನು ಬಿಡಿಸು."

ನಮ್ಮ ಮಾತಿನಲ್ಲಿ ಗಾಳಿಗೋಪುರ ಎಂದರೆ
ಇಲ್ಲದ್ದನ್ನು ಕಟ್ಟುವುದು.
ಇಲ್ಲಿ ಅದು ಹವಳದ ಕಲ್ಲು, ಗಾರೆ, ನಾಲ್ಕು ಮುಖ,
ನಾಲ್ಕಕ್ಕೂ ಸಿಮೆಂಟು.
"ಮೊದಲ ಎಸಿ ಬಂದ ದಿನ ಅಪ್ಪ ಮುಚ್ಚಿಸಿದ," ಎಂದ,
"ತಂಪು ಹೊರಗೆ ಹೋಗಬಾರದಲ್ಲ."
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತೇವಲ್ಲ,
ಅದನ್ನು ಹೇಳಲು ಹೋದೆ,
ನನ್ನ ಅಂಗಡಿ ಅರಬ್ಬಿಗೆ ಅಷ್ಟು ದೂರ ನಡೆಯಲಾಗಲಿಲ್ಲ.
ಆದರೂ ಅವನು ನಕ್ಕ.
ನಾನೂ ಮುಚ್ಚಿದವರ ಪೈಕಿಯೇ.

ಎರಡು ದಿನ ಉಳಿ, ಸುತ್ತಿಗೆ.
ಒಳಗೆ ಸಿಕ್ಕಿದ್ದು ಪಾರಿವಾಳದ ಎಲುಬು, ಮಗುವಿನ ಒಂಟಿ ಚಪ್ಪಲಿ,
ಸಂದಿಗೆ ತುರುಕಿದ ಹಳೆಯ ಪತ್ರಿಕೆ;
ಅದರಲ್ಲಿ ದೋಣಿಯುದ್ದದ ಕಾರು,
ಬಾನೆಟ್ಟಿಗೆ ಒರಗಿ ನಗುವ ಸಂಸಾರ.
ಮೂರನೇ ದಿನ ಅಸರ್ ಕಳೆದು ಕೊನೆಯ ತುಂಡು ಬಿತ್ತು.
ಕೆಳಗೆ ಚಾಪೆ ಹಾಸಿ ಕುಳಿತೆವು.
ಏನೂ ಬರಲಿಲ್ಲ.
ಬೆವರು ಬಂತು. ಚಹಾ ಬಂತು.
ಮೊಮ್ಮಗ ಫೋನಿನಿಂದ ಕಣ್ಣೆತ್ತದೆ
ಎದ್ದು ಎಸಿ ಕೋಣೆಗೆ ಹೋದ.

ಇಶಾ ಬಾಂಗಿನ ಹೊತ್ತಿಗೆ
ಗೋಡೆಯ ಕ್ಯಾಲೆಂಡರಿನ ಹಾಳೆ ಒಮ್ಮೆ ಮೈಮುರಿಯಿತು.
ಗಾಳಿ ಇಳಿಯಿತು. ಉಪ್ಪಿನದು, ಮೀನಿನದು,
ಸಿತ್ರಾ ಕಡೆಯ ಗಂಧಕದ ವಾಸನೆಯದು.
ತಂಪಲ್ಲ. ಸುಳ್ಳು ಯಾಕೆ ಹೇಳಲಿ, ತಂಪಲ್ಲ.
ಬೆನ್ನಿಗೆ ಅಂಟಿದ ಅಂಗಿಯನ್ನು
ಯಾರೋ ಎರಡು ಬೆರಳಲ್ಲಿ ಹಿಡಿದು ಎತ್ತಿದ ಹಾಗೆ,
ಅಷ್ಟೆ.
ಬೂ ಸನದ್ ಕಣ್ಣು ಮುಚ್ಚಿಕೊಂಡ.

ಹದಿನೆಂಟು ದಿನಾರ್ ಕೊಟ್ಟ, ಒಂದು ಡಬ್ಬ ಖರ್ಜೂರ.
ದಾರಿಯುದ್ದಕ್ಕೂ ಲೆಕ್ಕ ಹಾಕಿದೆ:
ಊರಿಗೆ ಊರೇ ಕಿಂಡಿ ಬಿಡಿಸಿಕೊಂಡರೆ
ನನ್ನ ಗ್ಯಾಸ್ ಸಿಲಿಂಡರು ಯಾರಿಗೆ?
ಪೆಟ್ಟಿಗೆಯಿಂದ ಗಂಜಿ ಎತ್ತುತ್ತ ತಾಹಿರಾ ಅಂದಳು,
"ಮುಚ್ಚಿದವನಿಗೂ ಅವತ್ತು ಕೂಲಿ ಸಿಕ್ಕಿರ್ತದೆ ಮಾರಾಯ್ರೇ,
ಬಿಡಿಸುವವನಿಗೂ ಉಂಟು.
ಮೊದಲು ಕೈ ತೊಳೆಯಿರಿ."

ತೊಳೆದೆ. ಉಗುರಿನ ಸಂದಿಯಲ್ಲಿ
ಹವಳದ ಬಿಳಿ ಪುಡಿ ಉಳಿದೇ ಇತ್ತು.
ಇವತ್ತಿನ ಅಂಕಿ ಬರೆಯಲು ಅವಳು ಮರೆತಿದ್ದಳು;
ಟಾರ್ಚು ಹಿಡಿದು
ನಾನೇ ಮೆಟ್ಟಿಲಿಳಿದೆ.