ಅವಲಂಬಿತೆ

ಜುಲೈ ಮೂವತ್ತರ ರಾತ್ರಿ, ಕೋಡಿಬಾಗ.
ನಾಳೆ ನನ್ನ ಗಡುವು,
ನಾಡಿದ್ದು ಟ್ರಾಲರುಗಳ ನಿಷೇಧ ಮುಗಿಯುತ್ತದೆ.
ಊಟದ ಮೇಜಿನ ಮೇಲೆ ಫಾರ್ಮ್ ಹದಿನಾರು,
ಫ್ಯಾನಿಗೆ ಹಾರದಂತೆ ಅದರ ಮೇಲೆ ಉಪ್ಪಿನ ಭರಣಿ.
ಮಗಳ ಕಂಪಾಸ್ ಪೆಟ್ಟಿಗೆಯಿಂದ ಕದ್ದ ಪೆನ್ಸಿಲು.

ಬೈತಖೋಲದ ಬಂದರು ಕಚೇರಿ ವರ್ಷವಿಡೀ ಕೊಟ್ಟದ್ದು
ಏಳು ಲಕ್ಷದ ಎಂಬತ್ತು ಸಾವಿರದ ನಾನೂರು.
ಬರೆದಾಗ ದೊಡ್ಡದೇ ಕಾಣುತ್ತದೆ.
ಇಷ್ಟು ದುಡ್ಡು ಈ ಮನೆಯಲ್ಲಿ ಯಾವ ದಿನ ಇತ್ತು,
ಉಜ್ವಲಾ ಕೇಳುತ್ತಾಳೆ, ಪೊರಕೆ ಹಿಡಿದೇ.

ಕಳೆ. ಐವತ್ತು ಸಾವಿರ, ಸಂಬಳದವನೆಂಬ ಕಾರಣಕ್ಕೆ.
ಕಳೆ. ವೃತ್ತಿ ತೆರಿಗೆ ಎರಡು ಸಾವಿರದ ನಾನೂರು,
ತೆರಿಗೆಯ ಮೇಲೆ ತೆರಿಗೆ ಹಾಕಲು ಸರ್ಕಾರಕ್ಕೂ ಸಂಕೋಚ.
ಪಿ.ಎಫ್., ಮಗಳ ಶಾಲೆ, ಎಲ್‌ಐಸಿ ಸೇರಿ ಒಂದೂವರೆ ಲಕ್ಷ;
ಅದಕ್ಕೂ ಮೇಲೆ ಉಳಿಸಿದರೆ ಅದು ನಿಮ್ಮ ಪುಣ್ಯ.
ಆರೋಗ್ಯ ವಿಮೆ ಹದಿನೆಂಟು ಸಾವಿರ.
ಈ ವರ್ಷ ಯಾರೂ ಕಾಯಿಲೆ ಬೀಳಲಿಲ್ಲ, ಕಟ್ಟಿದ್ದು ದಂಡ
ಎಂದುಕೊಂಡು ನಾಲಿಗೆ ಕಚ್ಚಿದೆ.

ಉಳಿದದ್ದು ಐದು ಲಕ್ಷದ ಅರವತ್ತು ಸಾವಿರ.
ತೆರಿಗೆ, ಸೆಸ್ಸು ಸೇರಿ,
ಇಪ್ಪತ್ತೈದು ಸಾವಿರದ ನಾನೂರ ಎಂಬತ್ತು.
ಐದು ಲಕ್ಷದ ಗೆರೆಯೊಳಗಿದ್ದರೆ ಪೂರ್ತಿ ಮಾಫಿ.
ನಾನು ಅರವತ್ತು ಸಾವಿರ ಆಚೆ,
ಉಬ್ಬರ ಮುಟ್ಟದ ಮರಳಲ್ಲಿ ಕೂತ ದೋಣಿ.

ಗ್ರೀನ್ ಸ್ಟ್ರೀಟಿನ ಮಾಳಿಗೆಯ ಮಾಜಾಳಿಕರ
ಪೆನ್ನಿನ ಮುಚ್ಚಳದಿಂದ ಕಿವಿ ತುರಿಸುತ್ತ ಹೇಳಿದ್ದ:
"ಮನೆಯಲ್ಲಿ ಅಕ್ಕ ಇದ್ದಾಳಲ್ಲ ಮಾರಾಯ, ಕಿವಿ ಕೇಳದವಳು?
ಆಸ್ಪತ್ರೆಯ ಸರ್ಟಿಫಿಕೇಟು ಉಂಟಲ್ಲ?
ಅವಲಂಬಿತೆ ಅಂತ ಬರೆ. ಎಪ್ಪತ್ತೈದು ಸಾವಿರ ಹಾರಿಹೋಗ್ತದೆ.
ಸೊನ್ನೆ. ಚೊಕ್ಕ ಸೊನ್ನೆ."

ಸುರಂಗಿ ಅಕ್ಕ ಒಳಗೆ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಾಳೆ.
ಅವಳಿಗೆ ಕೇಳದ ಆ ಯಂತ್ರದ ಸದ್ದಿನಲ್ಲೇ
ನಾವೆಲ್ಲ ನಿದ್ದೆ ಕಲಿತವರು.
ಶೇಕಡಾ ಎಪ್ಪತ್ತೊಂದು ಎನ್ನುತ್ತದೆ ಸರ್ಟಿಫಿಕೇಟು.
ಉಳಿದ ಇಪ್ಪತ್ತೊಂಬತ್ತರಲ್ಲಿ ಅವಳು
ಕಾಳಿ ಸೇತುವೆಯ ಲಾರಿಯನ್ನು ಅಂಗಾಲಿನಿಂದ ಕೇಳುತ್ತಾಳೆ,
ನನ್ನ ಸುಳ್ಳನ್ನು ಮುಖದಿಂದ.

ಬಾಬಾ ತೀರಿಕೊಂಡು, ಬಲೆ ದೋಣಿ ಎರಡೂ ಮಾರಿದ ವರ್ಷ
ನನ್ನ ಬಿ.ಕಾಂ. ಫೀಸು ಬಂದದ್ದು ಆ ಸೂಜಿಯಡಿಯಿಂದ.
ಮೇಲೆ ಕಳೆದೆನಲ್ಲ ಎಲ್‌ಐಸಿ,
ಅದರ ಮೊದಲ ನಾಲ್ಕು ಕಂತು ಅವಳದ್ದು.
ರಸೀದಿಯಲ್ಲಿ ಹೆಸರು ನನ್ನದು.

ಆದರೂ ಬರೆದೆ. ದುಡ್ಡು ದುಡ್ಡೇ.
ಸಂಬಂಧ: ಅಕ್ಕ. ಪಕ್ಕದ ಚೌಕದಲ್ಲಿ: ಅವಲಂಬಿತೆ.
ಪೆನ್ಸಿಲಿನಲ್ಲಿ, ತೆಳ್ಳಗೆ.

ನೀರು ಕುಡಿಯಲು ಬಂದವಳು ಹೆಗಲ ಮೇಲಿಂದ ಬಗ್ಗಿದಳು.
ಏಳನೇ ತನಕ ಕನ್ನಡ ಶಾಲೆಗೆ ಹೋದವಳು;
ಮನೆಯ ಕೊಂಕಣಿ ಅವಳಿಗೆ ತುಟಿಗಳಲ್ಲಿ,
ಕನ್ನಡ ಕಾಗದದಲ್ಲಿ.
ಆ ಪದದ ಮೇಲೆ ಬೆರಳಿಟ್ಟು
ಹುಬ್ಬಿನಲ್ಲೇ ಕೇಳಿದಳು: ಯಾರು?

ನಾನು ಕೈಯಲ್ಲಿ ಏನೇನೋ ಹೇಳಿದೆ:
ಸರ್ಕಾರ, ಗೆರೆ, ಸೊನ್ನೆ.
ಅವಳು ನಕ್ಕಳು.
ತನ್ನ ನಗು ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿಲ್ಲ;
ಓಣಿಯ ನಾಯಿ ಎದ್ದು ಬೊಗಳಿತು.

ರಬ್ಬರಿನಿಂದ ಉಜ್ಜಿದಳು, ಊದಿದಳು,
ಒಳಗಿನಿಂದ ಬಿಸ್ಕೀಟಿನ ಡಬ್ಬಿ ತಂದು
ಭರಣಿ ಸರಿಸಿ, ಬೆರಳಿಗೆ ಉಗುಳು ಹಚ್ಚಿ,
ಐನೂರರ ನೋಟು ಐವತ್ತೊಂದು ಎಣಿಸಿಟ್ಟಳು.

ಆಮೇಲೆ ಅಂಗೈ ಚಾಚಿ ನಿಂತೇ ಇದ್ದಳು.
ನನಗೆ ತಿಳಿಯಲು ಹೊತ್ತಾಯಿತು:
ಇಪ್ಪತ್ತು ರೂಪಾಯಿ ಚಿಲ್ಲರೆ.
ಉಜ್ವಲಾ ಜೀರಿಗೆ ಡಬ್ಬಿಯಲ್ಲಿ ಹುಡುಕತೊಡಗಿದಳು.