ಅಗಿಯುವ ಮಾತ್ರೆ

ಧಕ್ಕೆಯಿಂದ ಬೆಂಗ್ರೆಗೆ ಎಂಟೂವರೆಯ ಫೆರಿಯಲ್ಲಿ
ಮಾತ್ರೆಯ ಡಬ್ಬ ಬಂತು,
ಮಂಜುಗಡ್ಡೆಯ ಎರಡು ಕ್ರೇಟು, ಒಂದು ಸ್ಕೂಟರು,
ಬಾಣಂತಿ ಮಗಳನ್ನು ನೋಡಲು ಹೊರಟ ಐಸಮ್ಮಜ್ಜಿಯ ಜೊತೆ.
ನನ್ನ ಮಡಿಲಲ್ಲಿತ್ತು. ದೋಣಿ ಓಲಾಡಿದಾಗೆಲ್ಲ
ಒಣ ಹುಣಸೆಬೀಜದ ಸದ್ದು.

ಊಟವಾದ ಮೇಲೆ ಸಾಲು.
ಎರಡು ತುಂಬದವರಿಗೆ ಅರ್ಧ, ಪುಡಿ ಮಾಡಿ ನೀರಲ್ಲಿ ಕಲಸಿ.
ಮಿಕ್ಕವರಿಗೆ ಇಡೀ ಮಾತ್ರೆ. ನುಂಗುವಂತಿಲ್ಲ, ಅಗಿಯಬೇಕು,
ನನ್ನ ಕಣ್ಣೆದುರೇ.
"ಚಾಕ್‌ಪೀಸಿನ ಹಾಗೇ ಉಂಟು ಟೀಚರ್," ಅಂದ ತನ್ವಿತ್.
ಚಾಕ್‌ಪೀಸಿನ ರುಚಿ ನಿನಗೆ ಹೇಗೆ ಗೊತ್ತು, ಕೇಳಲಿಲ್ಲ.
ಗೋಡೆಯ ಮೂಲೆಯಲ್ಲಿ ಸುಣ್ಣ ಕೆರೆದ ಗುರುತು
ಅವನಷ್ಟೇ ಎತ್ತರದಲ್ಲಿದೆ.

ಮಿಸ್ರಿಯಾ ಕೆನ್ನೆಯೊಳಗೆ ಬಚ್ಚಿಟ್ಟಳು.
ಬಾಯಿ ತೆರೆ ಅಂದರೆ ಮೂಗಿನಲ್ಲೇ ನಗು.
ಹೋದ ಸಲ ಮಾತ್ರೆ ತಿಂದ ಮರುದಿನ
ಅವಳಣ್ಣ ತೆಂಗಿನ ಬುಡದಿಂದ ಕಿರುಚುತ್ತಾ ಓಡಿ ಬಂದನಂತೆ.
ಅಂದಿನಿಂದ ಆ ಮನೆಯಲ್ಲಿ
ಯಾರೂ ಸೇಮಿಗೆ ಒತ್ತಿಲ್ಲ.

ಕಿಟಕಿಯಾಚೆ ಬೇಬಿ ಸಾಲ್ಯಾನ್,
ಮೀನಿನ ಬುಟ್ಟಿ ಸೊಂಟದಲ್ಲಿ, ಕಾಲು ಬರಿದು.
ಸರಳು ಹಿಡಿದ ಬೆರಳ ಉಗುರು
ಬೊಳಂಜೀರಿನ ಹೊಟ್ಟೆಯ ಹಾಗೆ ಬೆಳ್ಳಗೆ.
"ನಮಗಿಲ್ವಾ ಟೀಚರೇ, ಪುರಿತ ಮರ್ದ್?"
"ಹತ್ತೊಂಬತ್ತು ವರ್ಷದವರೆಗೆ ಮಾತ್ರ, ಬೇಬಿಯಕ್ಕ."
"ಪುರಿಗೆ ನನ್ನ ಪ್ರಾಯ ಗೊತ್ತುಂಟಾ?"

ಬಂದದ್ದು, ಕೊಟ್ಟದ್ದು, ಬಿದ್ದು ಹಾಳಾದದ್ದು, ಉಳಿದದ್ದು.
ನನ್ನ ಫಾರ್ಮಿನಲ್ಲಿ ಇಷ್ಟೇ ಖಾನೆ.
ಅವಳ ಪ್ರಶ್ನೆಯನ್ನು ಎಲ್ಲಿ ಬರೆಯಲಿ?
ಉಳಿದ ಮೂರನ್ನು ಎಣಿಸಿ, ಮತ್ತೆ ಎಣಿಸಿ
ಡಬ್ಬ ಮುಚ್ಚಿದೆ. ಕೊಟ್ಟುಬಿಡಬಹುದಿತ್ತು.
ಕೊಡಲಿಲ್ಲ. ಬರೀ ಮಾತ್ರೆಯಲ್ಲಿ ಮುಗಿಯುವ ಬಿಳುಪಲ್ಲ ಅದು.

ಶನಿವಾರ ನಾವಿಬ್ಬರೇ ವೆನ್ಲಾಕಿಗೆ ಹೋದೆವು.
ರಕ್ತ ಆರೂವರೆ. ಕೊಕ್ಕೆಹುಳು.
"ಮೆಟ್ಟಿಲುಗಳನ್ನು ಹೇಗಮ್ಮ ಹತ್ತಿದೆ?" ಡಾಕ್ಟರು ಕೇಳಿದರು.
"ನಮ್ಮಲ್ಲಿ ಮೆಟ್ಟಿಲಿಲ್ಲ ಸಾರ್, ಎಲ್ಲ ಹೊಯಿಗೆ."
ಅದೇ ಮಾತ್ರೆ ಕೊಟ್ಟರು,
ಮೂರು ತಿಂಗಳಿಗೆ ಕಬ್ಬಿಣದ ಗುಳಿಗೆ.
ಚೀಟಿಯ ಕೊನೆಗೆ, ಎರಡು ಗೆರೆ ಎಳೆದು: ಚಪ್ಪಲಿ.

ಬಂದರಿನ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ
ನೀಲಿ ಪಟ್ಟಿಯದನ್ನು ಆರಿಸಿದಳು.
ಫೆರಿಯಲ್ಲಿ ಕಾಲು ಚಾಚಿ ಕುಳಿತು
ಎದುರಿನವರಿಗೆಲ್ಲ ಕಾಣುವ ಹಾಗೆ ಬೆರಳು ಆಡಿಸಿದಳು.
ಈಚೆ ದಡಕ್ಕಿಳಿದದ್ದೇ
ಎರಡನ್ನೂ ಕಳಚಿ ಎದೆಗವಚಿಕೊಂಡು ನಡೆದಳು,
ಹೊಸತಲ್ಲವೇ, ಹಾಳಾಗಬಾರದು.

ಬೈಯಲು ಬಾಯಿ ತೆರೆದೆ.
ನೋಡಿದರೆ
ನನ್ನ ಚಪ್ಪಲಿಯೂ ಕೈಯಲ್ಲೇ ಇತ್ತು.